ಕಿತ್ತ ದವಡೆ ಹಲ್ಲನ್ನು ಮತ್ತೆ ನೆಟ್ಟರು: 14 ತಿಂಗಳ ನಂತರ ಬರೆಯುತ್ತಿದ್ದೇನೆ

2024ರ ಫೆಬ್ರವರಿಯಲ್ಲಿ ನನ್ನ ಎಡಗಡೆಯ ಕೆಳದವಡೆ ಹಲ್ಲೊಂದು 11 ನಿಮಿಷ ಬಾಯಿಯಿಂದ ಹೊರಗಿತ್ತು. ಡಾಕ್ಟರು ಅದನ್ನು ಕಿತ್ತು, ಬೇರಿನ ತುದಿ ಸರಿಮಾಡಿ, ಅದೇ ಗುಳಿಯಲ್ಲಿ ಮತ್ತೆ ಕೂರಿಸಿದರು. ಈಗ 14 ತಿಂಗಳಾಯಿತು. ಇವತ್ತು ಬೆಳಿಗ್ಗೆ ಅದೇ ಹಲ್ಲಿನಲ್ಲಿ ಅಕ್ಕಿ ರೊಟ್ಟಿ ಅಗಿದು ತಿಂದೆ.

ಇದನ್ನು ಮಾಡಿಸಿಕೊಂಡ ಇನ್ನೊಬ್ಬರು ನನಗೆ ನಮ್ಮ ಕಡೆ ಸಿಗಲಿಲ್ಲ. ಮಾಡಿಸುವ ಮುಂಚೆ ಕೇಳಿ ತಿಳಿಯೋಣ ಅಂದರೆ ಕನ್ನಡದಲ್ಲಿ ಒಬ್ಬರ ಅನುಭವವೂ ಓದಲು ಸಿಗಲಿಲ್ಲ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಕ್ಲಿನಿಕ್ ಶಿವಮೊಗ್ಗದಲ್ಲಿದೆ. ಹೆಸರು ಹಾಕಬೇಡಿ ಎಂದು ಡಾಕ್ಟರಮ್ಮ ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕಿಲ್ಲ. ನೀವು ಯಾವ ಊರಲ್ಲಿ ಮಾಡಿಸಿದರೂ ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಒಂದೇ.

ನಾವು ತೀರ್ಥಹಳ್ಳಿ ಹತ್ತಿರ ಸಣ್ಣ ನರ್ಸರಿ ಇಟ್ಟುಕೊಂಡಿದ್ದೇವೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಸ್ವಲ್ಪ ಕಾಫಿ ಗಿಡ. 26 ವರ್ಷದಿಂದ ನನ್ನ ಕೆಲಸ ಅಂದರೆ ಬೇರಿನ ಜೊತೆಗೇ. ಸಸಿ ಕಿತ್ತು ಬೇರೆ ಕಡೆ ನೆಡುವಾಗ ಎಲೆ ನೋಡಿಕೊಂಡು ಕೂತರೆ ಆಗುವುದಿಲ್ಲ. ಬೇರಿನ ಮೇಲಿನ ಸಣ್ಣ ಸಣ್ಣ ಎಳೆಗಳು ಬಿಸಿಲಿಗೆ ಒಣಗಬಾರದು. ಒದ್ದೆ ಗೋಣಿ ಸುತ್ತಬೇಕು. ಮಣ್ಣಿನ ಮುದ್ದೆ ಒಡೆಯಬಾರದು. ಕೆಲಸಕ್ಕೆ ಬರುವ ಹೊಸ ಹುಡುಗರಿಗೆ ಮೊದಲ ದಿನ ಕಲಿಸುವುದೇ ಇಷ್ಟು. ಅದಕ್ಕೇ ಇರಬೇಕು, ಡಾಕ್ಟರಮ್ಮ ಬೇರಿನ ಮೇಲ್ಮೈ ಬಗ್ಗೆ ಮಾತು ಶುರುಮಾಡಿದಾಗ ನನಗೆ ಬೇಗ ಅರ್ಥವಾಯಿತು.

ಇನ್ನೊಂದು ಕಾರಣವೂ ಇದೆ. ನನ್ನ ಅಕ್ಕನ ಮಗ 11 ವರ್ಷದವನಿದ್ದಾಗ ಸೈಕಲ್ಲಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಇಡಿಯಾಗಿ ಕಿತ್ತು ಬಂದಿತ್ತು. ಹಲ್ಲು ಸಿಕ್ಕಿತು, ಮುರಿದಿರಲಿಲ್ಲ. ಯಾರೋ ಅದನ್ನು ಸೋಪು ಹಚ್ಚಿ ಉಜ್ಜಿ ತೊಳೆದರು. ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟೆವು. ಮೊದಲು ಹೋದ ಆಸ್ಪತ್ರೆಯಲ್ಲಿ ಡೆಂಟಿಸ್ಟ್ ಇರಲಿಲ್ಲ. ಅಲ್ಲಿದ್ದವರು ಹತ್ತಿಗೆ ಸ್ಪಿರಿಟ್ ಹಾಕಿ ಮತ್ತೊಮ್ಮೆ ಒರೆಸಿ ಕೊಟ್ಟರು. ಡೆಂಟಿಸ್ಟ್ ಕೈಗೆ ಹಲ್ಲು ಸೇರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಅವರು ಕೂರಿಸಿದರು. ಹಲ್ಲು ನಿಂತಿತು. ನಾವೆಲ್ಲ ಖುಷಿಪಟ್ಟೆವು. ಆದರೆ ಹುಡುಗ ಬೆಳೆದ, ದವಡೆ ಬೆಳೆಯಿತು, ಆ ಹಲ್ಲು ಮಾತ್ರ ಇದ್ದಲ್ಲೇ ಇತ್ತು. ಈಗ ಅವನು ನಕ್ಕರೆ ಆ ಒಂದು ಹಲ್ಲು ಪಕ್ಕದ ಹಲ್ಲಿಗಿಂತ ಗಿಡ್ಡ. ಎಕ್ಸ್‌ರೇ ತೆಗೆದರೆ ಬೇರು ಅರ್ಧ ಕರಗಿದೆ. ಯಾರೂ ಬೇಕೆಂದು ತಪ್ಪು ಮಾಡಲಿಲ್ಲ. ಗೊತ್ತಿರಲಿಲ್ಲ, ಅಷ್ಟೆ. ಆದರೂ ಅವನ ಫೋಟೋ ನೋಡಿದಾಗೆಲ್ಲ ಆ ಸೋಪು ನೆನಪಾಗಿ ನನಗೆ ಸಂಕಟವಾಗುತ್ತದೆ.

ನನ್ನ ಹಲ್ಲಿನ ಕಥೆಗೆ ಬರುತ್ತೇನೆ. ಎಡಗಡೆ ಕೆಳಗೆ, ಕೊನೆಯಿಂದ ಎರಡನೆಯ ದವಡೆ ಹಲ್ಲು. 2020ರಲ್ಲಿ ರೂಟ್ ಕೆನಾಲ್ (ಹಲ್ಲಿನ ಒಳಗಿನ ನಾಳ ಕ್ಲೀನ್ ಮಾಡಿ ತುಂಬುವುದು) ಮಾಡಿಸಿ ಕ್ಯಾಪ್ ಹಾಕಿಸಿದ್ದೆ. ಎರಡು ವರ್ಷದ ನಂತರ ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಗುಳ್ಳೆ ಬಂತು. ಒತ್ತಿದರೆ ಕೀವು. ಇನ್ನೊಂದು ಕಡೆ ಹೋಗಿ ರೂಟ್ ಕೆನಾಲನ್ನು ಬಿಚ್ಚಿ ಮತ್ತೆ ಮಾಡಿಸಿದೆ. ಎಂಟು ತಿಂಗಳು ಸುಮ್ಮನಿತ್ತು. ಮತ್ತೆ ಗುಳ್ಳೆ. ಆಮೇಲೆ ಇಬ್ಬರು ಡಾಕ್ಟರು ನೋಡಿದರು. ಇಬ್ಬರೂ ಹೇಳಿದ್ದು ಒಂದೇ: ತೆಗೆದುಬಿಡಿ, ಇಂಪ್ಲಾಂಟ್ (ಮೂಳೆಗೆ ತಿರುಪು ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು) ಹಾಕಿಸಿ. ಒಬ್ಬರು 38,000 ರೂಪಾಯಿ ಹೇಳಿದರು. ಅವರ ಸಲಹೆ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಗಟ್ಟಿಯಾಗಿ ನಿಂತಿರುವ ಹಲ್ಲು, ಅಲ್ಲಾಡುತ್ತಲೂ ಇಲ್ಲ, ಅದನ್ನು ಕಿತ್ತು ಬಿಸಾಡಲು ಮನಸ್ಸು ಒಪ್ಪಲಿಲ್ಲ.

ಮೂರನೆಯವರೇ ಈ ಡಾಕ್ಟರಮ್ಮ. ಮೊದಲ ಭೇಟಿಯಲ್ಲಿ ಹಲ್ಲಿಗೆ ಕೈಯನ್ನೇ ಹಾಕಲಿಲ್ಲ. ಮೂರು ಕಡೆಯಿಂದ ತೋರಿಸುವ ಸ್ಕ್ಯಾನ್ ತೆಗೆಸಿಕೊಂಡು ಬನ್ನಿ ಎಂದರು. 1,800 ರೂಪಾಯಿ ಆಯಿತು. ಅದನ್ನು ಕಂಪ್ಯೂಟರಿನಲ್ಲಿ ಹಾಕಿ ನಿಧಾನಕ್ಕೆ ತಿರುಗಿಸಿ ತೋರಿಸಿದರು.

"ನೋಡಿ ಅಮ್ಮ, ನಿಮ್ಮ ಹಲ್ಲಿಗೆ ಎರಡು ಬೇರು ಬೇರೆ ಬೇರೆ ಇಲ್ಲ. ಎರಡೂ ಕೂಡಿಕೊಂಡು ಒಂದೇ ಆಗಿವೆ. ಒಳಗಿನ ನಾಳ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದೆ. ಮೇಲಿಂದ ಎಷ್ಟು ಸಲ ಕ್ಲೀನ್ ಮಾಡಿದರೂ ತುದಿಯ ಮೂಲೆಯಲ್ಲಿ ಸೋಂಕು ಉಳಿದುಬಿಡುತ್ತೆ."

"ಹಾಗಾದ್ರೆ ಪಕ್ಕದಿಂದ ಒಸಡು ಕುಯ್ದು ತುದಿ ಸರಿಮಾಡೋಕೆ ಆಗಲ್ವಾ ಡಾಕ್ಟರೇ?" ಎಂದು ಕೇಳಿದೆ. ಮುಂದಿನ ಹಲ್ಲಿಗೆ ಹಾಗೆ ಮಾಡುತ್ತಾರೆ ಅಂತ ನಮ್ಮ ಪರಿಚಯದವರೊಬ್ಬರಿಂದ ಕೇಳಿದ್ದೆ.

ಆ ಜಾಗದಲ್ಲಿ ಕೆನ್ನೆ ಕಡೆಯ ಮೂಳೆ ತುಂಬಾ ದಪ್ಪ, ಕೆಳಗೆ ತುಟಿಗೆ ಹೋಗುವ ನರ ಬೇರೆ ಹತ್ತಿರದಲ್ಲೇ ಇದೆ ಎಂದರು. ಹಾಗಾಗಿ ಉಳಿದ ದಾರಿ ಒಂದೇ. ಹಲ್ಲನ್ನು ಇಡಿಯಾಗಿ ಹೊರತೆಗೆದು, ಕೈಯಲ್ಲಿ ಹಿಡಿದು ತುದಿ ಸರಿಮಾಡಿ, ಹದಿನೈದು ನಿಮಿಷದೊಳಗೆ ವಾಪಸ್ ಇಡುವುದು. ಇದೇನೂ ಹೊಸ ಪ್ರಯೋಗ ಅಲ್ಲವಂತೆ. ಅಮೆರಿಕದ ಲೂಯಿಸ್ ಗ್ರಾಸ್‌ಮನ್ ಅನ್ನುವ ದಂತವೈದ್ಯರು 1966ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆಗ ಇದನ್ನು ಬೇರೆ ಏನೂ ದಾರಿ ಇಲ್ಲದಾಗ ಮಾಡುವ ಕೊನೆಯ ಪ್ರಯತ್ನ ಅಂತ ನೋಡುತ್ತಿದ್ದರು. ಮೈಕ್ರೋಸ್ಕೋಪು, ಒಳ್ಳೆಯ ಸಿಮೆಂಟು ಬಂದ ಮೇಲೆ ಆ ನೋಟ ಬದಲಾಗಿದೆ.

ಆಮೇಲೆ ನಾನು ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಕೇಳಿದೆ. ಅಕ್ಕನ ಮಗನ ಹಲ್ಲು ಗಿಡ್ಡವಾಗಿದ್ದು ಯಾಕೆ? ನನ್ನದೂ ಹಾಗೇ ಆಗುತ್ತಾ?

ಅವರು ಉತ್ತರ ಹೇಳಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಹೊರಗೆ ಜನ ಕಾಯುತ್ತಿದ್ದರು, ಆದರೂ ಅವಸರ ಮಾಡಲಿಲ್ಲ. ಈ ಸರ್ವೀಸಿಗೆ ನಾನು ಪೂರ್ತಿ ಅಂಕ ಕೊಡುವುದು ಮೊದಲು ಆ ಇಪ್ಪತ್ತು ನಿಮಿಷಕ್ಕೆ.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಮಧ್ಯೆ ಒಂದು ತೆಳುವಾದ ನಾರಿನ ಪದರ ಇರುತ್ತದೆ. ದಪ್ಪ ಹೆಚ್ಚು ಕಡಿಮೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಡಾಕ್ಟರು ಇದನ್ನು ಪೆರಿಯೊಡಾಂಟಲ್ ಲಿಗಮೆಂಟ್ ಅನ್ನುತ್ತಾರೆ. ಹಲ್ಲು ಈ ನಾರುಗಳಲ್ಲಿ ತೂಗುಹಾಕಿದ ಹಾಗೆ ಇರುತ್ತದೆ. ಹಲ್ಲು ಕಿತ್ತಾಗ ಈ ಪದರ ನಡುವೆ ಹರಿಯುತ್ತದೆ. ಅರ್ಧ ಗುಳಿಯಲ್ಲಿ ಉಳಿಯುತ್ತದೆ, ಅರ್ಧ ಬೇರಿನ ಮೇಲೆ ಬರುತ್ತದೆ. ಬೇರಿನ ಮೇಲೆ ಉಳಿದ ಜೀವಕೋಶಗಳು ಬದುಕಿದ್ದರೆ ವಾಪಸ್ ಇಟ್ಟ ಮೇಲೆ ಎರಡೂ ಕಡೆಯ ನಾರು ಮತ್ತೆ ಕೂಡಿಕೊಳ್ಳುತ್ತವೆ. ಸತ್ತರೆ ಮೂಳೆಗೂ ಬೇರಿಗೂ ನಡುವೆ ತಡೆಯೇ ಇರುವುದಿಲ್ಲ. ಆಗ ಮೂಳೆ ಬಂದು ಬೇರಿಗೆ ಅಂಟಿಕೊಳ್ಳುತ್ತದೆ. ನಿಧಾನಕ್ಕೆ ಬೇರನ್ನು ಕರಗಿಸಿ ಆ ಜಾಗದಲ್ಲಿ ತಾನೇ ತುಂಬುತ್ತದೆ. ನಮ್ಮ ಹುಡುಗನಿಗೆ ಆಗಿದ್ದು ಇದೇ. ಬೆಳೆಯುವ ವಯಸ್ಸು ಬೇರೆ, ಹಾಗಾಗಿ ಮೂಳೆಗೆ ಅಂಟಿದ ಹಲ್ಲು ಉಳಿದವುಗಳ ಜೊತೆ ಕೆಳಗೆ ಬರಲೇ ಇಲ್ಲ.

"ಸಸಿ ಬೇರಿನ ಹಾಗೇ ಅಲ್ವಾ?" ಎಂದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು, "ಒಣಗಬಾರದು ಅನ್ನೋದರಲ್ಲಿ ಹೌದು. ಆದರೆ ಸಸಿಗೆ ಬೇರು ಕತ್ತರಿಸಿ ಹೋದರೂ ಹೊಸದು ಬರುತ್ತೆ. ಇಲ್ಲಿ ಚಿಕ್ಕ ಗಾಯ ಆದರೆ ಪಕ್ಕದ ಜೀವಕೋಶ ಬಂದು ಮುಚ್ಚುತ್ತೆ. ದೊಡ್ಡ ಜಾಗ ಸತ್ತರೆ ಅವು ಬರೋ ಮೊದಲೇ ಮೂಳೆ ಬಂದುಬಿಡುತ್ತೆ." ಈ ಮಾತು ನನಗೆ ಚೆನ್ನಾಗಿ ನಾಟಿತು. ನರ್ಸರಿಯಲ್ಲಿ ನಾವು ಎಷ್ಟೋ ಸಲ ತಪ್ಪು ಮಾಡುತ್ತೇವೆ, ಗಿಡ ನಮ್ಮನ್ನು ಕ್ಷಮಿಸುತ್ತದೆ. ಎರಡು ವಾರ ನೆರಳಲ್ಲಿಟ್ಟರೆ ಚಿಗುರುತ್ತದೆ. ಹಲ್ಲಿಗೆ ಆ ಅವಕಾಶ ಇಲ್ಲ. ಹೊರಗಿದ್ದ ಆ ಕೆಲವು ನಿಮಿಷದಲ್ಲೇ ಎಲ್ಲ ನಿರ್ಧಾರ ಆಗಿಬಿಡುತ್ತದೆ.

ಅಪಾಯಗಳನ್ನೂ ಮುಚ್ಚಿಡಲಿಲ್ಲ. ಕೀಳುವಾಗ ಹಲ್ಲು ಮುರಿದರೆ ಅಲ್ಲಿಗೆ ಮುಗಿಯಿತು, ಇಂಪ್ಲಾಂಟೇ ಗತಿ. ಹೊರಬಂದ ಮೇಲೆ ಬೇರಿನಲ್ಲಿ ಉದ್ದ ಸೀಳು ಕಂಡರೂ ವಾಪಸ್ ಇಡುವುದಿಲ್ಲ. ಎಲ್ಲ ಸರಿ ಹೋದರೂ ಮುಂದೆ ಬೇರು ಕರಗಬಹುದು. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2015ರಲ್ಲಿ ಲೆಕ್ಕ ಹಾಕಿದ್ದಾರಂತೆ. ಹೀಗೆ ಮತ್ತೆ ಇಟ್ಟ ಹಲ್ಲುಗಳಲ್ಲಿ ಉಳಿದಿದ್ದು ನೂರಕ್ಕೆ 88, ಇಂಪ್ಲಾಂಟ್ 97. "ಲೆಕ್ಕದಲ್ಲಿ ಇಂಪ್ಲಾಂಟೇ ಮುಂದೆ ಇದೆ ಅಮ್ಮ. ಆದರೆ ಇದು ವಿಫಲ ಆದರೆ ನಾಳೆ ಇಂಪ್ಲಾಂಟ್ ಹಾಕಿಸಬಹುದು. ಇಂಪ್ಲಾಂಟ್ ಹಾಕಿಸಿದ ಮೇಲೆ ಈ ಹಲ್ಲು ವಾಪಸ್ ಬರಲ್ಲ." ತಮ್ಮ ಕೈಯಿಂದ ಮಾಡುವ ಕೆಲಸಕ್ಕಿಂತ ಇನ್ನೊಂದರ ಅಂಕಿ ಜಾಸ್ತಿ ಇದೆ ಎಂದು ತಾವೇ ಹೇಳಿದರಲ್ಲ, ಅಲ್ಲಿಗೆ ನನಗೆ ನಂಬಿಕೆ ಬಂತು. ಒಪ್ಪಿಕೊಂಡೆ.

ಆವತ್ತು ಬೆಳಿಗ್ಗೆ ತಿಂಡಿ ತಿಂದೇ ಬನ್ನಿ ಎಂದಿದ್ದರು. ಇಡ್ಲಿ ತಿಂದು ಏಳೂವರೆ ಬಸ್ಸಿಗೆ ಹೊರಟೆ, ನಮ್ಮ ಯಜಮಾನರೂ ಬಂದರು. ಇಂಜೆಕ್ಷನ್ ಕೊಟ್ಟು ಮರಗಟ್ಟಿದ ಮೇಲೆ ಕೆಲಸ ಶುರುವಾಯಿತು. ಬಾಯಿಯಲ್ಲಿ ಏನಾಗುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಆದರೆ ಮೈಕ್ರೋಸ್ಕೋಪಿನ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಆಗಿತ್ತು, ಮುಂದಿನ ಭೇಟಿಯಲ್ಲಿ ಕೇಳಿ ನೋಡಿದೆ. ಇಲ್ಲಿ ಬರೆಯುತ್ತಿರುವುದು ಆ ವಿಡಿಯೋದಲ್ಲಿ ಕಂಡಿದ್ದು, ಆವತ್ತು ಕಿವಿಗೆ ಬಿದ್ದಿದ್ದು.

ಹಲ್ಲು ಕೀಳಲು 25 ನಿಮಿಷ ಹಿಡಿಯಿತು. ನಾನು ಹಿಂದೆ ಒಂದು ಹಲ್ಲು ಕೀಳಿಸಿದ್ದೆ, ಅದು ಐದು ನಿಮಿಷದಲ್ಲಿ ಬಂದಿತ್ತು. ಇಲ್ಲಿ ಯಾಕೆ ಇಷ್ಟು ನಿಧಾನ ಅಂದರೆ, ಸಾಮಾನ್ಯವಾಗಿ ಹಲ್ಲು ಕೀಳುವಾಗ ಬೇರಿನ ಪಕ್ಕಕ್ಕೆ ಮೀಟುಗೋಲಿನಂಥ ಉಪಕರಣ ತೂರಿಸಿ ಎಬ್ಬಿಸುತ್ತಾರೆ. ಅದು ಬೇರಿನ ಮೇಲಿನ ಪದರವನ್ನು ಕೆರೆದುಬಿಡುತ್ತದೆ. ಇವರು ಅದನ್ನು ಮುಟ್ಟಲೇ ಇಲ್ಲ. ಬರೀ ಇಕ್ಕಳ. ಅದರ ಬಾಯಿ ಕೂಡ ಒಸಡಿನಿಂದ ಮೇಲಿನ ಭಾಗದಲ್ಲೇ, ಕ್ಯಾಪಿನ ಮೇಲೇ. ಬೇರಿಗೆ ತಾಗಬಾರದು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ನಿಲ್ಲಿಸುವುದು, ಮತ್ತೆ. ಗೂಟ ಸಡಿಲ ಮಾಡಿದ ಹಾಗೆ. ಇಕ್ಕಳದ ಹಿಡಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದರು. ಹಲ್ಲು ಒಮ್ಮೆ ಹಿಡಿತಕ್ಕೆ ಸಿಕ್ಕ ಮೇಲೆ ಕೈ ಸಡಿಲವಾದರೂ ಇಕ್ಕಳ ಬಿಡದಿರಲಿ ಎಂದು. ಐದು ರೂಪಾಯಿಯ ವಸ್ತು, ಎಂಥ ಒಳ್ಳೆಯ ಉಪಾಯ!

ಹಲ್ಲು ಬಂದ ಕೂಡಲೇ ಸಹಾಯಕಿ ಟೈಮರ್ ಒತ್ತಿದಳು. ಪ್ರತಿ ನಿಮಿಷವೂ ಜೋರಾಗಿ ಹೇಳುತ್ತಿದ್ದಳು. "ಒಂದು... ಎರಡು..." ಮರಗಟ್ಟಿದ ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು ಅದನ್ನು ಕೇಳುತ್ತ ಮಲಗಿದ್ದ ಹೊತ್ತು ನನಗೆ ಮರೆಯುವುದಿಲ್ಲ.

ವಿಡಿಯೋದಲ್ಲಿ ನೋಡಿ. ಇಕ್ಕಳದಲ್ಲಿ ತಲೆಕೆಳಗಾಗಿ ಹಿಡಿದ ಹಲ್ಲು. ಬೇರು ನಾನು ಅಂದುಕೊಂಡ ಹಾಗೆ ಬೆಳ್ಳಗೆ ಇರಲಿಲ್ಲ. ತೆಳು ಗುಲಾಬಿ ಬಣ್ಣ, ಒದ್ದೆ, ಮೇಲೆ ನುಣುಪಾದ ಜುಂಗು. ಅದೇ ಆ ಪದರ. ಪೂರ್ತಿ 11 ನಿಮಿಷ ಯಾರ ಬೆರಳೂ ಆ ಬೇರಿಗೆ ತಾಗಲಿಲ್ಲ. ಇಕ್ಕಳದಿಂದ ಹಲ್ಲನ್ನು ಕೆಳಗಿಡಲೂ ಇಲ್ಲ. ಸಹಾಯಕಿ ಸಿರಿಂಜಿನಲ್ಲಿ ಒಂದು ದ್ರಾವಣ ಹಿಡಿದು ಕೆಲವೇ ಸೆಕೆಂಡಿಗೊಮ್ಮೆ ಬೇರಿನ ಮೇಲೆ ಹನಿಸುತ್ತಲೇ ಇದ್ದಳು. ಅದು ಹ್ಯಾಂಕ್ಸ್ ದ್ರಾವಣವಂತೆ. ಲವಣ, ಗ್ಲೂಕೋಸ್ ಎಲ್ಲ ನಮ್ಮ ಮೈಯ ದ್ರವದ ಹದಕ್ಕೆ ಸೇರಿಸಿ ಮಾಡಿರುತ್ತಾರೆ. ಲ್ಯಾಬಿನಲ್ಲಿ ಜೀವಕೋಶ ಬದುಕಿಸಿಡಲು ಬಳಸುವುದೂ ಇದನ್ನೇ. ಬರೀ ನೀರು ಯಾಕೆ ಆಗುವುದಿಲ್ಲ ಅಂದರೆ, ನೀರಿನಲ್ಲಿ ಲವಣ ಇಲ್ಲದ ಕಾರಣ ಅದು ಜೀವಕೋಶದೊಳಗೆ ನುಗ್ಗುತ್ತದೆ. ಜೀವಕೋಶ ಉಬ್ಬಿ ಒಡೆದುಹೋಗುತ್ತದೆ.

ಮೊದಲು ನೀಲಿ ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ಸೀಳು ಇದೆಯಾ ಎಂದು ನೋಡಿದರು. ಇರಲಿಲ್ಲ. ಬೇರಿನ ತುದಿಯನ್ನು ಮೂರು ಮಿಲಿಮೀಟರ್ ಕತ್ತರಿಸಿದರು. ಕತ್ತರಿಸಿದ ಮುಖದಲ್ಲಿ ಆ ಸಿ ಆಕಾರದ ನಾಳ ಸ್ಪಷ್ಟವಾಗಿ ಕಂಡಿತು. ಅದರ ಒಂದು ಮೂಲೆಯಲ್ಲಿ ಕಪ್ಪಗೆ ಕೊಳೆ. ನಾಲ್ಕು ವರ್ಷ ನನ್ನನ್ನು ಕಾಡಿದ್ದು ಸಾಸಿವೆ ಕಾಳಿಗಿಂತ ಚಿಕ್ಕ ಆ ಕಪ್ಪು ಚುಕ್ಕೆ! ಅದನ್ನು ಕೊರೆದು ತೆಗೆದು, ಹಿಟ್ಟಿನ ಹಾಗಿದ್ದ ಬಿಳಿ ಸಿಮೆಂಟ್ ತುಂಬಿದರು. ಇದು ಒದ್ದೆಯಲ್ಲೇ ಗಟ್ಟಿಯಾಗುವ ಜಾತಿ. ಈ ಬಗೆಯ ಸಿಮೆಂಟಿನ ಮೊದಲನೆಯದು ಎಂಟಿಎ. ಅದನ್ನು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಅವರು ತಂದರು. ಮನೆ ಕಟ್ಟುವ ಸಿಮೆಂಟೇ ಅದರ ಮೂಲವಂತೆ. ಡಾಕ್ಟರಮ್ಮ ಮೊದಲು ಹೇಳಿದ 88, 97ರ ಲೆಕ್ಕ ಹಾಕಿದ ತಂಡದಲ್ಲಿದ್ದವರೂ ಇವರೇ.

ಗುಳಿಯನ್ನು ಕೆರೆಯಲಿಲ್ಲ. ಅದರ ಗೋಡೆಯ ಮೇಲೂ ಉಳಿದರ್ಧ ನಾರು ಇದೆಯಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಮಾತ್ರ ಸಲೈನಿನಿಂದ ಮೆಲ್ಲಗೆ ತೊಳೆದರು. "ಹತ್ತು" ಎಂದು ಸಹಾಯಕಿ ಹೇಳಿದಾಗ ಹಲ್ಲು ಬಾಯೊಳಗೆ ಬರುತ್ತಿತ್ತು. ಬೆರಳಿನಿಂದ ನಿಧಾನಕ್ಕೆ ಒತ್ತಿದರು. ಬಟ್ಟೆಯ ಉಂಡೆ ಕೊಟ್ಟು ಕಚ್ಚಿ ಎಂದರು. ಒಳಗೆ ಏನೋ ತನ್ನ ಜಾಗಕ್ಕೆ ಕೂತ ಹಾಗೆ ಅನಿಸಿತು. ನೋವಲ್ಲ, ಒತ್ತಿದ ಹಾಗೆ ಅಷ್ಟೆ. ಹಲ್ಲಿನ ಮೇಲೆ ಅಡ್ಡಡ್ಡಲಾಗಿ ದಾರದ ಹೊಲಿಗೆ ಹಾಕಿದರು. ಗಟ್ಟಿ ತಂತಿಯಿಂದ ಬಿಗಿಯಲಿಲ್ಲ. ಹಲ್ಲು ತುಸುವಾದರೂ ಅಲುಗಾಡಬೇಕಂತೆ. ಪೂರ್ತಿ ಬಿಗಿದರೆ ಮೂಳೆ ಬಂದು ಅಂಟಿಕೊಳ್ಳುವ ಸಾಧ್ಯತೆ ಜಾಸ್ತಿ. ಹೊಸದಾಗಿ ನೆಟ್ಟ ಅಡಿಕೆ ಸಸಿಗೆ ಕೋಲು ಕಟ್ಟುವಾಗ ನಾವೂ ದಾರ ಸಡಿಲ ಬಿಡುತ್ತೇವೆ.

ಆಮೇಲಿನ ದಿನಗಳು. ಮರಗಟ್ಟಿದ್ದು ಬಿಡಲು ಮೂರು ಗಂಟೆ. ಮೊದಲ ಎರಡು ದಿನ ನೋವು ಇತ್ತು, ಮಾತ್ರೆಗೆ ಕಡಿಮೆಯಾಗುತ್ತಿತ್ತು. ಮೂರನೇ ದಿನ ಕೆನ್ನೆ ಊದಿತು, ಐದನೇ ದಿನ ಇಳಿಯಿತು. ಐದು ದಿನ ಆ್ಯಂಟಿಬಯೋಟಿಕ್. ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ಔಷಧಿ ದಿನಕ್ಕೆ ಎರಡು ಸಲ, ಎರಡು ವಾರ. ಅದರಿಂದ ನಾಲಿಗೆಗೆ ರುಚಿಯೇ ಹತ್ತುವುದಿಲ್ಲ, ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ. ಆಮೇಲೆ ಕ್ಲೀನ್ ಮಾಡಿಸಿದರೆ ಹೋಗುತ್ತದೆ, ಹೆದರಬೇಡಿ. ಗಂಜಿ, ಮೆತ್ತಗೆ ಕಲಸಿದ ಸಾರನ್ನ, ಹಾಲಿನಲ್ಲಿ ನೆನೆಸಿದ ಅವಲಕ್ಕಿ. ಎರಡು ವಾರಕ್ಕೆ ಹೊಲಿಗೆ ಬಿಚ್ಚಿದರು.

ಎಂಟನೇ ದಿನ ನಾಲಿಗೆಯಿಂದ ಮುಟ್ಟಿ ನೋಡಿದರೆ ಹಲ್ಲು ಅಲ್ಲಾಡುತ್ತಿತ್ತು. ಎಲ್ಲ ಹಾಳಾಯಿತು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಭಾನುವಾರ, ಯಾರೂ ಎತ್ತಲಿಲ್ಲ. ಸೋಮವಾರ ಸಿಕ್ಕಾಗ, "ಈಗ ಅಲ್ಲಾಡಲೇಬೇಕು ಅಮ್ಮ, ನಾಲಿಗೆ ಹಾಕಬೇಡಿ" ಎಂದರು. ಈ ಒಂದು ಮಾತನ್ನು ಮೊದಲೇ ಹೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಇದು ಈ ಕ್ಲಿನಿಕ್ಕಿನ ನಿಜವಾದ ಕೊರತೆ. ಇಷ್ಟು ಸೂಕ್ಷ್ಮದ ಕೆಲಸ ಮಾಡಿದ ಮೇಲೆ ಮೊದಲ ಎರಡು ವಾರಕ್ಕಾದರೂ ರಜೆಯ ದಿನ ಉತ್ತರ ಕೊಡುವ ಒಂದು ನಂಬರ್ ಬೇಕು. ಮನೆಗೆ ಕೊಟ್ಟ ಸೂಚನೆಯ ಹಾಳೆ ಬರೀ ಇಂಗ್ಲಿಷಿನಲ್ಲಿತ್ತು. ನನ್ನ ಮಗಳು ಓದಿ ಹೇಳಿದಳು, ಆದರೆ ಎಲ್ಲರ ಮನೆಯಲ್ಲೂ ಓದುವ ಮಕ್ಕಳು ಪಕ್ಕದಲ್ಲಿ ಇರುತ್ತಾರಾ? ಇದನ್ನು ಹೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಆರನೇ ತಿಂಗಳು ಹೋದಾಗ ಕನ್ನಡದ ಹಾಳೆ ಬಂದಿತ್ತು, "ಎರಡನೇ ವಾರ ಹಲ್ಲು ಸ್ವಲ್ಪ ಅಲ್ಲಾಡುವುದು ಸಹಜ" ಎನ್ನುವ ಸಾಲೂ ಅದರಲ್ಲಿತ್ತು. ಕಾಯುವ ಸಮಯ ಮಾತ್ರ ಈಗಲೂ ಜಾಸ್ತಿ. ಅಪಾಯಿಂಟ್‌ಮೆಂಟ್ ಇದ್ದರೂ ಒಂದು ಗಂಟೆ ಕೂರಬೇಕು.

ಖರ್ಚು: ಸ್ಕ್ಯಾನ್ 1,800. ಈ ಚಿಕಿತ್ಸೆಗೆ 14,000. ಔಷಧಿಗೆ ಸುಮಾರು 900. ಹಳೆಯ ಕ್ಯಾಪ್ ಗಟ್ಟಿಯಾಗಿದ್ದರಿಂದ ಅದನ್ನೇ ಉಳಿಸಿದರು. ಆಮೇಲಿನ ತಪಾಸಣೆಗಳಿಗೆ ಎಕ್ಸ್‌ರೇ ದುಡ್ಡು ಮಾತ್ರ ತೆಗೆದುಕೊಂಡರು.

ನನಗೆ ಆಯಿತು ಅಂತ ಎಲ್ಲರಿಗೂ ಆಗುವುದಿಲ್ಲ. ಬೇರು ಎರಡಾಗಿ ದೂರ ಕವಲೊಡೆದಿದ್ದರೆ ಮುರಿಯದೆ ಬರುವುದು ಕಷ್ಟ. ಒಸಡಿನ ರೋಗದಿಂದ ಮೂಳೆ ಇಳಿದಿದ್ದರೆ ಇದನ್ನು ಮಾಡುವುದಿಲ್ಲ. ಮಾಡಿಸುವವರಿಗೆ ನನ್ನದೊಂದು ಕೋರಿಕೆ. ಮೈಕ್ರೋಸ್ಕೋಪ್ ಯಾವ ಕಂಪನಿಯದು ಎಂದು ಕೇಳಬೇಡಿ. ಹಲ್ಲು ಎಷ್ಟು ನಿಮಿಷ ಹೊರಗಿರುತ್ತದೆ, ಆ ಹೊತ್ತು ಬೇರಿನ ಮೇಲೆ ಏನು ಹಾಕುತ್ತೀರಿ, ಎಲ್ಲಿ ಹಿಡಿಯುತ್ತೀರಿ, ಇದನ್ನು ಕೇಳಿ. ನನಗೆ ಇಂಪ್ಲಾಂಟ್ ಹೇಳಿದ್ದ ಒಬ್ಬರ ಹತ್ತಿರ ಹೋಗಿ, ನೀವೇ ಇದನ್ನು ಮಾಡುತ್ತೀರಾ ಎಂದು ಕೇಳಿದ್ದೆ. "ಮಾಡಬಹುದು, ತೆಗೆದು ಕ್ಲೀನಾಗಿ ಕೆರೆದು ಇಡ್ತೀವಿ" ಎಂದರು. ಆ ಕೆರೆದು ಅನ್ನುವ ಮಾತು ಕೇಳಿದ ಮೇಲೆ ಅಲ್ಲಿ ಕೂರಲು ಮನಸ್ಸಾಗಲಿಲ್ಲ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಬಿದ್ದು ಹಲ್ಲು ಇಡಿಯಾಗಿ ಬಂದರೂ ಬೇರಿನ ಲೆಕ್ಕ ಇದೇ. ಹಾಲು ಹಲ್ಲಾದರೆ ವಾಪಸ್ ಇಡಬಾರದು, ಒಳಗಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಶಾಶ್ವತ ಹಲ್ಲಾದರೆ ಮೇಲಿನ ಬಿಳಿ ಭಾಗ ಮಾತ್ರ ಹಿಡಿಯಿರಿ. ಕೊಳೆಯಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಒಂದು ಸಲ ಮೆಲ್ಲಗೆ ತೊಳೆದು, ಉಜ್ಜದೆ, ಅಲ್ಲೇ ಗುಳಿಯಲ್ಲಿ ಕೂರಿಸಿ. ಕರ್ಚೀಫು ಕಚ್ಚಿಸಿ ಡೆಂಟಿಸ್ಟ್ ಹತ್ತಿರ ಓಡಿ. ಕೂರಿಸಲು ಧೈರ್ಯ ಬರದಿದ್ದರೆ ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಒಣಗಿ ಒಂದು ಗಂಟೆ ದಾಟಿದರೆ ಆ ಪದರ ಬದುಕುವುದಿಲ್ಲ ಎಂದೇ ಲೆಕ್ಕ. ನಾನು ಎಳನೀರು ಆಗುತ್ತಾ ಎಂದು ಕೇಳಿದ್ದೆ. ನಮ್ಮ ದೇಶದಲ್ಲೇ ಅದರ ಮೇಲೆ ಸಂಶೋಧನೆ ಆಗಿದೆಯಂತೆ. "ಆದರೂ ಹಾಲಿದ್ದರೆ ಹಾಲೇ" ಎಂದರು. ಹಲ್ಲಿನ ಪೆಟ್ಟಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಘ ಟೂತ್ ಎಸ್‌ಒಎಸ್ ಎಂಬ ಉಚಿತ ಆ್ಯಪ್ ಮಾಡಿದೆ. ಅದನ್ನು ಮಗಳು ನನ್ನ ಫೋನಿಗೆ ಹಾಕಿಕೊಟ್ಟಿದ್ದಾಳೆ. ನಮ್ಮೂರ ಶಾಲೆಯ ಮೇಷ್ಟ್ರಿಗೆ ಇದನ್ನೆಲ್ಲ ಕೂತು ಹೇಳಿ ಬಂದಿದ್ದೇನೆ. ಅಲ್ಲಿ ಬಿಸಿಯೂಟದ ಜೊತೆ ಹಾಲು ಹೇಗೂ ಇರುತ್ತದೆ.

ಆರು ವಾರಕ್ಕೆ ನನ್ನ ಹಲ್ಲು ಗಟ್ಟಿಯಾಯಿತು. ಮೂರನೇ ತಿಂಗಳಿಗೆ ಗುಳ್ಳೆಯ ಗುರುತೂ ಇರಲಿಲ್ಲ. ಒಂದು ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಎಕ್ಸ್‌ರೇ ತೆಗೆದರು. ಬೇರಿನ ತುದಿಯಲ್ಲಿ ಮೊದಲು ಬಟಾಣಿಯಷ್ಟು ಕಪ್ಪು ಇತ್ತು, ಮೂಳೆ ಕರಗಿದ ಜಾಗ. ಅಲ್ಲಿ ಈಗ ಮೂಳೆ ತುಂಬಿದೆ. ಆದರೆ ಡಾಕ್ಟರಮ್ಮ ತೋರಿಸಿದ್ದು ಅದನ್ನಲ್ಲ. ಬೇರಿನ ಎರಡೂ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳು ಕಪ್ಪು ಗೆರೆ, ಮೇಲಿಂದ ಕೆಳಗಿನವರೆಗೆ, ಎಲ್ಲೂ ತುಂಡಾಗದೆ. "ಇದೇ ಆ ಪದರ. ಇಲ್ಲಿ ಗೆರೆ ಕಾಣಿಸ್ತಿಲ್ಲ ಅಂದಿದ್ದರೆ ಮೂಳೆ ಅಂಟಿದೆ ಅಂತ."

ಆಮೇಲೆ ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿ ನೋಡಿದರು. ಮೂಳೆಗೆ ಅಂಟಿದ ಹಲ್ಲು ಪಾತ್ರೆ ತಟ್ಟಿದ ಹಾಗೆ ಟಣ್ ಎನ್ನುತ್ತದಂತೆ. ಮೊದಲು ಪಕ್ಕದ ಹಲ್ಲು ತಟ್ಟಿದರು, ಆಮೇಲೆ ಇದನ್ನು, ಮತ್ತೆ ಪಕ್ಕದ್ದನ್ನು. ನಾನೂ ಉಸಿರು ಬಿಗಿಹಿಡಿದು ಕೇಳಿದೆ. ಎರಡೂ ಒಂದೇ ಸದ್ದು, ಮೆತ್ತಗೆ, ಮಣ್ಣಿನ ಕುಂಡ ತಟ್ಟಿದ ಹಾಗೆ. ಎಕ್ಸ್‌ರೇಯ ಒಂದು ಪ್ರತಿ ಕೇಳಿ ತಂದು ನರ್ಸರಿಯ ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದೇನೆ. ಮುಂದಿನ ತಪಾಸಣೆ 2026ರ ಫೆಬ್ರವರಿಗೆ ಬರೆದುಕೊಟ್ಟಿದ್ದಾರೆ. ಅಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದಿರುತ್ತದೆ.